ಹನ್ನೆರಡು ನಂಬರುಗಳ ಷರತ್ತು

ನಮ್ಮ ಆಸ್ಪತ್ರೆಯ ಟೆಲಿಫೋನ್ ಆಪರೇಟರನ್ನು ಎಲ್ಲರೂ ಡೈರೆಕ್ಟರಿ ಎಂದೇ ಕರೆಯುತ್ತಿದ್ದರು. ಅವರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ವಾರ್ಡುಗಳು, ಡಾಕ್ಟರುಗಳ ಮನೆ, ಆಂಬುಲೆನ್ಸ್ ಡ್ರೈವರುಗಳು, ರಕ್ತನಿಧಿ, ಅಗ್ನಿಶಾಮಕ ಠಾಣೆ ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಒಂದನ್ನೂ ಬರೆದಿಟ್ಟುಕೊಂಡವರಲ್ಲ. ಜೇಬಿನ ಪೆನ್ನು ಸಹಿಗೆ ಮಾತ್ರ. ನಾನು ಪಕ್ಕದ ವಿಚಾರಣೆ ಕೌಂಟರಿನವಳು. ನಮ್ಮಿಬ್ಬರ ನಡುವೆ ಒಂದು ಗಾಜಿನ ಗೋಡೆ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಹನ್ನೊಂದು ವರ್ಷ ಆ ಕಿಂಡಿಯಲ್ಲಿ ಚಹಾ ಹಂಚಿಕೊಂಡಿದ್ದೇವೆ, ಜಗಳವನ್ನೂ ಆಡಿದ್ದೇವೆ.

ಜಗಳ ಹೆಚ್ಚಾಗಿ ಒಂದೇ ವಿಷಯಕ್ಕೆ. ನಾನು ನನ್ನ ಮಗನಿಗೆ ಎಂಟನೇ ವಯಸ್ಸಿಗೇ ಮೊಬೈಲ್ ಕೊಡಿಸಿದ್ದೆ. ಅವರ ಮಗಳು ಪುಟ್ಟಿಗೆ ಒಂಬತ್ತು ತುಂಬಿದರೂ ಇರಲಿಲ್ಲ.

"ಅಷ್ಟು ಚಿಕ್ಕ ಹುಡುಗನ ಕೈಗೆ ಕೊಟ್ಟುಬಿಟ್ರಲ್ಲ ಅಕ್ಕಾ, ಅವನಿಗೆ ನಿಮ್ಮ ನಂಬರ್ ಗೊತ್ತಾ?"

"ಗೊತ್ತಿರೋದೇನು ಬಂತು, ಫೋನಲ್ಲೇ ಇದೆಯಲ್ಲ."

"ಫೋನ್ ಕಳೆದುಹೋದ್ರೆ?"

"ಕಳೆದಾಗ ನೋಡ್ಕೊಳ್ಳೋಣ. ನೀವು ಮೊದ್ಲು ಚಹಾ ಕುಡೀರಿ, ಆರಿಹೋಯ್ತು."

ಅವರ ಷರತ್ತು ಇಡೀ ಆಸ್ಪತ್ರೆಗೇ ಗೊತ್ತಿತ್ತು. ಹನ್ನೆರಡು ನಂಬರುಗಳನ್ನು ತಡವರಿಸದೆ ಬಾಯಿಪಾಠ ಒಪ್ಪಿಸಿದ ದಿನ ಮಗಳ ಕೈಗೆ ಮೊಬೈಲ್. ಹತ್ತು ವರ್ಷಕ್ಕೋ ಹದಿನಾಲ್ಕಕ್ಕೋ ಎಂಬ ಮಾತೇ ಅವರಲ್ಲಿ ಇರಲಿಲ್ಲ. ನಾನು ಹಟಮಾರಿ ಎಂದು ಬೈಯುತ್ತಿದ್ದೆ. ಆದರೆ ಆ ಹಟಕ್ಕೆ ಕಾರಣ ಇತ್ತು ಎಂಬುದು ನನಗೂ ಗೊತ್ತಿತ್ತು. ತುರ್ತು ವಾರ್ಡಿಗೆ ಬರುವವರ ಫೋನು ಒಡೆದಿರುತ್ತದೆ, ಇಲ್ಲವೇ ಚಾರ್ಜ್ ಇರುವುದಿಲ್ಲ. ಮನೆಯವರ ನಂಬರ್ ಹೇಳಿ ಎಂದರೆ ಬ್ಯಾಂಡೇಜು ಸುತ್ತಿದ ತಲೆ ಅಲ್ಲಾಡಿಸುತ್ತಾರೆ. ಒಮ್ಮೆ ಒಬ್ಬ ಕಾಲೇಜು ಹುಡುಗಿ ಕಾಲು ಮುರಿದುಕೊಂಡು ಬಂದವಳು, ಹೆತ್ತ ತಾಯಿಯ ನಂಬರ್ ನೆನಪಾಗದೆ ಐದು ಗಂಟೆ ಒಬ್ಬಳೇ ಮಲಗಿದ್ದಳು. ಆ ಸಂಜೆ ಮನೆಗೆ ಹೋದವರೇ ಡೈರೆಕ್ಟರಿ ಮಗಳಿಗೆ ಮೊದಲ ಪಾಠ ಶುರುಮಾಡಿದರು. ಆಗ ಅವಳಿಗೆ ನಾಲ್ಕು ವರ್ಷ.

ಆ ಮೊದಲ ನಂಬರ್ ನಮ್ಮ ಆಸ್ಪತ್ರೆಯದು. ಡೈರೆಕ್ಟರಿಯ ಹತ್ತಿರ ಸ್ವಂತ ಮೊಬೈಲ್ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಫೋನೇ ಕಿವಿಗೆ ಕಚ್ಚಿಕೊಂಡಿರುತ್ತದೆ, ಇನ್ನೊಂದನ್ನು ಕೊರಳಿಗೆ ಕಟ್ಟಿಕೊಳ್ಳಬೇಕಾ ಎನ್ನುತ್ತಿದ್ದರು. ಅವರ ಹೆಂಡತಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅಲ್ಲಿ ಬೆಳಿಗ್ಗೆ ಗೇಟಿನಲ್ಲಿ ಎಲ್ಲರ ಮೊಬೈಲನ್ನೂ ಇಸಿದುಕೊಂಡು ಸಂಜೆ ವಾಪಸು ಕೊಡುತ್ತಾರೆ. ಹಾಗಾಗಿ ಹಗಲು ಹೊತ್ತಿನಲ್ಲಿ ಹೆತ್ತವರನ್ನು ತಲುಪಲು ಆ ಮಗುವಿಗೆ ಇದ್ದ ಒಂದೇ ದಾರಿ ಆ ನಂಬರ್. ಅದನ್ನು ಅವಳು ಪದ್ಯದಂತೆ ಹೇಳುತ್ತಿದ್ದಳು.

ರಜೆಯಲ್ಲಿ ಕೆಲವೊಮ್ಮೆ ಅಪ್ಪನ ಜೊತೆ ಬರುತ್ತಿದ್ದಳು. ಅಪ್ಪ ಕರೆಯಲ್ಲಿದ್ದಾಗ ನಡುವೆ ಬಾಯಿ ಹಾಕಬಾರದು, ಆ ಕಡೆ ಯಾರಿಗೋ ಜೀವದ ಪ್ರಶ್ನೆ ಇರಬಹುದು ಎಂದು ಅವರು ತಿದ್ದಿ ಬೆಳೆಸಿದ್ದರು. ಹುಡುಗಿ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿರುತ್ತಿದ್ದಳು. ಬಾಯಾರಿದರೂ, ಬಾತ್‌ರೂಮಿಗೆ ಅವಸರವಾದರೂ ಅಷ್ಟೇ. ಅವರು ರಿಸೀವರ್ ಇಟ್ಟಮೇಲೆ ಮೆಲ್ಲಗೆ, "ಮುಗೀತಾ ಅಪ್ಪಾ? ಈಗ ನಾನು ಮಾತಾಡ್ಲಾ?" ಎನ್ನುತ್ತಿದ್ದಳು. ಎಂಥ ಶಿಸ್ತು ಎಂದು ನರ್ಸುಗಳೆಲ್ಲ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ, ಸುಳ್ಳೇಕೆ ಹೇಳಲಿ.

ಹೊಸ ಕಟ್ಟಡ ಎದ್ದಾಗ ಆಸ್ಪತ್ರೆಗೆ ಹೊಸ ನಂಬರ್ ಬಂತು. ಹಳೆಯ ನಂಬರಿಗೆ ಯಾರಾದರೂ ಮಾಡಿದರೆ ಹೊಸದನ್ನು ತಿಳಿಸಲು ಒಂದು ಪೆಟ್ಟಿಗೆ ತಂದು ಡೈರೆಕ್ಟರಿಯ ಮೇಜಿನ ಮೂಲೆಯಲ್ಲಿ ಕೂರಿಸಿದರು. ಅದರಲ್ಲಿ ಅವರದೇ ಧ್ವನಿ. "ನಮಸ್ಕಾರ, ಆಸ್ಪತ್ರೆ. ನಮ್ಮ ದೂರವಾಣಿ ಸಂಖ್ಯೆ ಬದಲಾಗಿದೆ, ದಯವಿಟ್ಟು ಹೊಸ ಸಂಖ್ಯೆಯನ್ನು ಬರೆದುಕೊಳ್ಳಿ" ಎಂದು ಹೇಳಲು ಅವರು ಗಂಟಲು ಸರಿಮಾಡಿಕೊಂಡು ಏಳು ಸಲ ಪ್ರಯತ್ನಿಸಿದರು. ನಾನು ಕಿಂಡಿಯಿಂದ ನಕ್ಕಿದ್ದಕ್ಕೇ ಎರಡು ಸಲ ಕೆಟ್ಟಿತು. ಕರೆ ಬಂದಾಗ ಪೆಟ್ಟಿಗೆಯ ಹಸಿರು ದೀಪ ಹೊತ್ತುತ್ತಿತ್ತು, ಮಾತು ಮುಗಿದೊಡನೆ ಅದು ತಾನೇ ಕರೆ ಕಡಿಯುತ್ತಿತ್ತು. ಆ ಪೆಟ್ಟಿಗೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ.

ಹೊಸ ನಂಬರನ್ನು ಅವರು ಊರಿಗೆಲ್ಲ ಹಂಚಿದರು. ಆಂಬುಲೆನ್ಸಿನ ಬಾಗಿಲ ಮೇಲೆ ಬರೆಸಿದರು, ರೋಗಿಗಳ ಚೀಟಿಯ ಮೇಲೆ ಅಚ್ಚು ಹಾಕಿಸಿದರು. ಮನೆಯಲ್ಲಿ ಹೇಳಲು ಮಾತ್ರ ಮರೆತರು. ಮರೆಯುವಂತೆಯೂ ಇತ್ತು. ಊಟಕ್ಕೆ ಕೂತಾಗ ಅವರು ಮಗಳಿಂದ ಹೊಸ ಪಾಠವನ್ನು ಮಾತ್ರ ಒಪ್ಪಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಅವಳು ಒಂಬತ್ತನೇ ನಂಬರಿನಲ್ಲಿದ್ದಳು. ಮೊದಲನೆಯದನ್ನು ಅವರು ಕೇಳಿ ಎಷ್ಟೋ ವರ್ಷವಾಗಿತ್ತು.

ಆ ಸೋಮವಾರ ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಕೂತಿದ್ದೆ. ಗಂಟೆ ಒಂದೂ ಮುಕ್ಕಾಲು. ಪೆಟ್ಟಿಗೆಯ ದೀಪ ಹೊತ್ತಿತು, ಆರಿತು. ಮತ್ತೆ ಹೊತ್ತಿತು, ಆರಿತು. ಒಂದೆರಡು ನಿಮಿಷ ಬಿಟ್ಟು ಮೂರನೇ ಸಲ.

"ನಿಮ್ಮ ಧ್ವನೀಗೆ ಯಾರೋ ಮರುಳಾದಂಗಿದೆ ಡೈರೆಕ್ಟರಿ. ಬಿಟ್ಟೂ ಬಿಡದೆ ಕೇಳ್ತಿದ್ದಾರೆ" ಎಂದೆ.

ಅವರು ಕರೆಯಲ್ಲಿದ್ದರು. ರಿಸೀವರನ್ನು ಕೈಯಿಂದ ಮುಚ್ಚಿ, ನಾಚಿಕೊಂಡು ನಕ್ಕರು. ಆ ಮಾತನ್ನು ನಾನು ವಾಪಸು ನುಂಗುವಂತಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಎರಡೂವರೆಗೆ ಅವರ ಪಕ್ಕದ ಮನೆಯ ಅಜ್ಜಿ ಫೋನ್ ಮಾಡಿದರು. ಶಾಲೆಯಿಂದ ಬಂದ ಪುಟ್ಟಿ ಸಂಜೆವರೆಗೆ ಇರುತ್ತಿದ್ದುದು ಅವರ ಮನೆಯಲ್ಲೇ. ಸಕ್ಕರೆ ಕಾಯಿಲೆಯ ಚೀಟಿ ನೋಡಿ ಅವರು ಹೊಸ ನಂಬರಿಗೇ ಮಾಡಿದ್ದರು. ಶಾಲೆಯಲ್ಲಿ ನೀರಿನ ಮೋಟಾರು ಸುಟ್ಟುಹೋಗಿ ಒಂದು ಗಂಟೆಗೇ ಬಿಟ್ಟಿದ್ದಾರಂತೆ, ಎದುರು ಮನೆಯ ಮಕ್ಕಳು ಬಂದು ಊಟ ಮಾಡಿ ಆಡುತ್ತಿದ್ದಾರಂತೆ, ಪುಟ್ಟಿ ಇನ್ನೂ ಬಂದಿಲ್ಲವಂತೆ.

ಡೈರೆಕ್ಟರಿ ಶಾಲೆಗೆ ಮಾಡಿದರು. ಗುಮಾಸ್ತೆ ಹೇಳಿದಳು: "ಎಲ್ಲಾ ಪೋಷಕರಿಗೂ ಮೆಸೇಜ್ ಹಾಕಿದೀವಲ್ಲ ಸರ್. ಸುಮಾರು ಮಕ್ಕಳು ಅವರವರ ಫೋನಿಂದ್ಲೇ ಮನೆಯವರನ್ನ ಕರೆಸ್ಕೊಂಡ್ರು. ಉಳಿದವರು ನಡ್ಕೊಂಡು ಹೋದ್ರು." ಆ ಮೆಸೇಜು ಕಾರ್ಖಾನೆಯ ಗೇಟಿನ ಕಪಾಟಿನೊಳಗೆ, ಹೆಂಡತಿಯ ಮೊಬೈಲಿನಲ್ಲಿ ಬಿದ್ದಿತ್ತು. ಕಾರ್ಖಾನೆಯ ಗೇಟಿಗೂ ಮಾಡಿದರು. ಕಾವಲಿನವನು ಒಳಗೆ ಹೋಗಿ ಆಕೆಯನ್ನು ಕರೆತಂದ. ಆಕೆ ಹೊಲಿಗೆ ಅರ್ಧಕ್ಕೇ ಬಿಟ್ಟು ಶಾಲೆಯ ಕಡೆ ಓಡಿದರು.

ಡೈರೆಕ್ಟರಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ನೀವೂ ಹೋಗ್ರೀ, ಫೋನ್ ಬೋರ್ಡ್ ನಾನು ನೋಡ್ಕೋತೀನಿ" ಎಂದೆ.

"ಇಲ್ಲ ಅಕ್ಕಾ. ಅವಳು ಇಲ್ಲಿಗೇ ಮಾಡ್ತಾಳೆ. ಯಾರ ಹತ್ರ ಆದ್ರೂ ಫೋನ್ ಇಸ್ಕೊಂಡು ಮಾಡ್ತಾಳೆ. ನಂಬರ್ ಗೊತ್ತಿದೆ ಅವಳಿಗೆ. ನಾನು ಎದ್ದುಹೋದ್ರೆ ಎತ್ತೋರ್ಯಾರು?"

ಬೋರ್ಡಿನಲ್ಲಿ ಕರೆ ಬಂದಾಗಲೆಲ್ಲ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಚರ್ಮದ ಡಾಕ್ಟರು ಗುರುವಾರ ಇರುತ್ತಾರಾ ಎಂದು ಒಬ್ಬ. ರೋಗಿಯನ್ನು ನೋಡಲು ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಒಬ್ಬಳು. "ಬೇಗ ಹೇಳಿ, ದಯವಿಟ್ಟು ಬೇಗ ಹೇಳಿ" ಎಂದು ಅವರು ಬೇಡಿಕೊಳ್ಳುತ್ತಿದ್ದರು. ನಡುವೆ ಪೊಲೀಸ್ ಠಾಣೆಗೆ ಮಾಡಿದರು. ಅಲ್ಲಿಯವರು ವಯಸ್ಸು, ಬಟ್ಟೆಯ ಬಣ್ಣ ಎಲ್ಲ ಕೇಳಿ ಬರೆದುಕೊಂಡು, ಕೊನೆಗೆ ಹುಡುಗಿಯ ಹತ್ತಿರ ಮೊಬೈಲ್ ಇದೆಯಾ ಎಂದರು. ಇಲ್ಲ ಎಂದು ಡೈರೆಕ್ಟರಿ ಎರಡು ಸಲ ಹೇಳಬೇಕಾಯಿತು. ನಾನು ಈಚೆ ಬಂದು ನನ್ನ ಮಗನಿಗೆ ಫೋನ್ ಮಾಡಿದೆ. ಮನೆಯಲ್ಲೇ ಇದ್ದ, ಆಟದ ನಡುವೆ ಕರೆದೆನೆಂದು ಸಿಡುಕಿದ. ಅವನ ಭಾವಚಿತ್ರ ಒತ್ತಿ ಕರೆ ಮಾಡಿದ್ದೆನೇ ಹೊರತು ನಂಬರ್ ಎಷ್ಟು ಎಂದು ಯಾರಾದರೂ ಕೇಳಿದ್ದರೆ ನನಗೂ ಹೇಳಲಾಗುತ್ತಿರಲಿಲ್ಲ.

ಮೂರೂಕಾಲಿಗೆ ಅವರ ಹೆಂಡತಿಯ ಕರೆ ಬಂತು, ಗುಮಾಸ್ತೆ ನಮ್ಮ ನಂಬರ್ ನೋಡಿ ಶಾಲೆಯ ಫೋನಿನಿಂದಲೇ ಮಾಡಿಸಿದ್ದಳು. ಶಾಲೆಯ ಹತ್ತಿರ ಪೈಪಿಗಾಗಿ ರಸ್ತೆ ಅಗೆದಿದ್ದಾರೆ, ಮಕ್ಕಳೆಲ್ಲ ಬೇರೆ ಬೇರೆ ದಾರಿ ಹಿಡಿದು ಹೋಗಿದ್ದಾರೆ, ಎಲ್ಲೂ ಕಾಣಿಸುತ್ತಿಲ್ಲ. ಆಕೆಯ ದನಿ ಕಿಂಡಿಯ ಈಚೆ ನನಗೂ ಕೇಳುವಷ್ಟು ಜೋರಾಗಿತ್ತು. ಆಮೇಲೆ, "ಹನ್ನೆರಡು ಆಯ್ತೇನ್ರೀ ಈಗ? ಸಮಾಧಾನ ಆಯ್ತಾ?" ಎಂದು ಕೇಳಿ ಫೋನಿಟ್ಟರು.

ಅದೇ ಹೊತ್ತಿಗೆ ಮೂಲೆಯ ಪೆಟ್ಟಿಗೆಯ ಹಸಿರು ದೀಪ ಹೊತ್ತಿತು. ಡೈರೆಕ್ಟರಿ ಅದನ್ನೇ ನೋಡಿದರು.

"ಅಕ್ಕಾ, ಅವಳಿಗೆ ಗೊತ್ತಿರೋದು ಹಳೇ ನಂಬರು."

ನನಗೆ ಮಧ್ಯಾಹ್ನದ ಮೂರು ಕರೆಗಳು ನೆನಪಾದವು. ಅವರು ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ಪುಟ್ಟೀ, ಪುಟ್ಟೀ" ಎಂದು ಕೂಗತೊಡಗಿದರು. ದೀಪ ಆರಿತು. ಮಗಳೇ ಇರಬಹುದು, ಯಾವನೋ ಔಷಧಿ ಮಾರುವವನೂ ಇರಬಹುದು, ಯಾರಿಗೆ ಗೊತ್ತು? ಅಷ್ಟು ವರ್ಷ ಒಬ್ಬರಿಗೂ ದನಿಯೇರಿಸದ ಮನುಷ್ಯ ತಗಡಿನ ಪೆಟ್ಟಿಗೆಯ ಮುಂದೆ ಅರಚುವುದನ್ನು ನೋಡಿ ಕೌಂಟರಿನ ಮುಂದೆ ನಿಂತಿದ್ದ ಜನ ಹಿಂದೆ ಸರಿದರು.

ನಾನು ಮಹಡಿಗೆ ಓಡಿ ಎಲೆಕ್ಟ್ರಿಷಿಯನ್ನನ್ನು ಎಳೆದುಕೊಂಡು ಬಂದೆ. ಅವನು ಪೆಟ್ಟಿಗೆಯ ವಯರು ಕಿತ್ತು, ಉಗ್ರಾಣದಿಂದ ಒಂದು ಹಳೆಯ ಕಪ್ಪು ಫೋನು ತಂದು ಆ ವಯರಿಗೆ ಸೇರಿಸಿದ. ಐದು ನಿಮಿಷದ ಕೆಲಸ.

"ಇಷ್ಟೇನಾ?" ಎಂದರು ಡೈರೆಕ್ಟರಿ.

"ಇಷ್ಟೇ ಸರ್. ಇನ್ನು ಹಳೇ ನಂಬರಿಗೆ ಬಂದ ಕರೆ ನೇರವಾಗಿ ಇದಕ್ಕೇ ಬರುತ್ತೆ."

ಬರಲಿಲ್ಲ. ಬೋರ್ಡಿಗೆ ನಾನು ಕೂತೆ. ಅವರು ಆ ಕಪ್ಪು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮಗಳ ಸ್ಟೂಲಿನ ಮೇಲೆ ಕೂತರು. ಮೂರೂವರೆ ಆಯಿತು, ನಾಲ್ಕಾಯಿತು. ಒಮ್ಮೆ ಬಡಿದುಕೊಂಡಿತು. ಹೊಸ ಕೆಮ್ಮಿನ ಔಷಧಿಯ ಬಗ್ಗೆ ಎರಡು ನಿಮಿಷ ಮಾತಾಡಬಹುದಾ ಎಂದು ಒಬ್ಬ ಕೇಳಿದ. ಅವರು ಫೋನಿಟ್ಟರು.

"ಅಕ್ಕಾ, ಅವಳಿಗೆ ನಂಬರ್ ಮಾತ್ರ ಕಲಿಸ್ದೆ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಅವಳು ಹುಟ್ಟಿದಾಗಿಂದ ಮೂರೋ ನಾಲ್ಕೋ ಸಲ ಫೋನ್ ಮುಟ್ಟಿರಬಹುದು. ಕೇಳಿಸಿದ್ದು ಮನುಷ್ಯನೋ ಯಂತ್ರವೋ ಅಂತ ಅವಳಿಗೆ ಹೇಗೆ ತಿಳೀಬೇಕು?"

ಜಗಳದಲ್ಲಿ ನಾನೇ ಗೆದ್ದಂತಾಗಿತ್ತು. ಅಂಥ ಗೆಲುವು ನನ್ನ ಹಗೆಗೂ ಬೇಡ.

ನಾಲ್ಕೂಮುಕ್ಕಾಲಿಗೆ ಕಪ್ಪು ಫೋನು ಮತ್ತೆ ಬಡಿದುಕೊಂಡಿತು. ಹಳೆಯ ಕಾಲದ ಫೋನು, ಆ ಕಡೆಯ ಮಾತು ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಒಬ್ಬ ಹೆಂಗಸು ಸಿಟ್ಟಿನಲ್ಲಿದ್ದಳು.

"ಯಾರ್ರೀ ನೀವು, ಈ ಮಗೂನ ಅಪ್ಪಾನಾ? ನಾನು ಹಳೇ ಬಸ್ ಸ್ಟ್ಯಾಂಡ್ ಎದುರಿನ ಚಪ್ಪಲಿ ಅಂಗಡಿಯವಳು. ಮಧ್ಯಾಹ್ನ ನನ್ನ ಫೋನಿಂದ ಇದೇ ನಂಬರಿಗೆ ಮೂರು ಸಲ ಮಾಡಿದ್ಲು. ಏನಂದ್ರಮ್ಮಾ ಅಂದ್ರೆ, ಅಪ್ಪ ಬರ್ತಾರೆ ಅಂದ್ಲು. ಆವಾಗಿಂದ ಮೆಟ್ಟಿಲ ಮೇಲೇ ನಿಂತಿದ್ದಾಳೆ. ಒಳಗೆ ಬಾ ಅಂದ್ರೂ ಬರಲ್ಲ, ನಿಮಗೆ ಕಾಣಲ್ವಂತೆ. ಮೂರು ಗಂಟೆ ಹೊತ್ತಾಯ್ತಲ್ರೀ, ಹೊಟ್ಟೇಲಿ ಹುಟ್ಟಿದ ಮಗು ತಾನೇ?"

ಅಪ್ಪ ತನ್ನ ಹತ್ತಿರ ಮಾತೇ ಆಡಲಿಲ್ಲ ಎಂದು ಹೊರಗಿನವರಿಗೆ ಹೇಳಲು ಆ ಮಗುವಿಗೆ ಬಾಯಿ ಬಂದಿರಲಿಲ್ಲ.

"ತಪ್ಪಾಯ್ತಮ್ಮಾ" ಎಂದರು ಡೈರೆಕ್ಟರಿ. "ಫೋನ್ ಒಂದು ಸಲ ಅವಳಿಗೆ ಕೊಡಿ."

ಕೊಟ್ಟಳು.

"ಪುಟ್ಟೀ, ನಾನು ಅಪ್ಪ. ಎಲ್ಲೂ ಹೋಗ್ಬೇಡ, ಅಲ್ಲೇ ಇರು, ಈಗ್ಲೇ ಬರ್ತೀನಿ. ಕೇಳಿಸ್ತಾ? ಪುಟ್ಟೀ, ಏನಾದ್ರೂ ಮಾತಾಡು."

ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತು. ಅವರೂ ಸುಮ್ಮನಾದರು. ಆಮೇಲೆ ಬಹಳ ಮೆಲ್ಲಗೆ, ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ ಅದೇ ಧ್ವನಿ ಬಂತು.

"ಮುಗೀತಾ ಅಪ್ಪಾ? ಈಗ ನಾನು ಮಾತಾಡ್ಲಾ?"

ಡೈರೆಕ್ಟರಿ ರಿಸೀವರನ್ನು ನನ್ನ ಕಡೆ ತಿರುಗಿಸಿದರು. ನಾನು ಬಗ್ಗಿ ಫೋನಿಗೆ ಬಾಯಿಟ್ಟು, "ಹೇಳಮ್ಮಾ, ಅಪ್ಪ ಕೇಳಿಸ್ಕೊಳ್ತಿದ್ದಾರೆ" ಎಂದೆ.

"ಆವಾಗ್ಲೂ ನಾನು ಕಾದೆ ಅಪ್ಪಾ. ನೀನು ಬೇರೆ ಯಾರ ಹತ್ರಾನೋ ಮಾತಾಡ್ತಿದ್ದೆ. ಮುಗಿಸಿ ಇಟ್ಟುಬಿಟ್ಟೆ. ಮೂರು ಸಲಾನೂ ಇಟ್ಟುಬಿಟ್ಟೆ." ಅವಳು ಮೂಗು ಎಳೆದುಕೊಂಡಳು. "ಅಂಗಡಿ ಬೋರ್ಡಿನ ಮೇಲೊಂದು ನಂಬರ್ ಇದೆ. ನಿಂತ್ಕೊಂಡು ಅದನ್ನೂ ಬಾಯಿಪಾಠ ಮಾಡಿದೀನಿ. ಹತ್ತಾಯ್ತು. ಇನ್ನೆರಡೇ ಅಪ್ಪಾ. ಒಪ್ಪಿಸ್ಲಾ?"

ಅವಳು ಒಪ್ಪಿಸಿದಳು, ಒಂದು ಅಂಕಿಯೂ ತಪ್ಪದೆ, ಪದ್ಯದಂತೆ. ಡೈರೆಕ್ಟರಿ ಜೇಬಿನಿಂದ ಪೆನ್ನು ತೆಗೆದು, ಆ ನಂಬರನ್ನು ಅಂಗೈಯ ಮೇಲೆ ಬರೆದುಕೊಂಡರು. ಹನ್ನೊಂದು ವರ್ಷದಲ್ಲಿ ಅವರು ಒಂದು ನಂಬರನ್ನು ಬರೆದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.