ಚರ್ಚಿನಿಂದ ಹೊರಟ ಬೆಂಚು

ಮಲಾವಿಯ ಈ ಹಳ್ಳಿಯ ಆಸ್ಪತ್ರೆಯಲ್ಲಿ ಔಷಧಿ ಕೊಡಲು ಸ್ವಯಂಸೇವಕನಾಗಿ ಬಂದ ನನ್ನನ್ನು ಭಾನುವಾರ ಚರ್ಚಿಗೂ ಕರೆದರು. ಹೊಸ ಅತಿಥಿ ಎದ್ದು ನಾಲ್ಕು ಮಾತಾಡಲೇಬೇಕಂತೆ. ನಾನೋ, ಭದ್ರಾವತಿ ಓಲ್ಡ್ ಟೌನಿನ ಮದುವೆಮನೆಗಳಲ್ಲಿ ಮೈಕ್ ಕಂಡರೆ ಕೈತೊಳೆಯುವ ನೆಪದಲ್ಲಿ ಜಾರಿಕೊಳ್ಳುವವನು. ಮನಸ್ಸಿನಲ್ಲೇ ಭಾಷಣ ಉರುಹೊಡೆಯುತ್ತ ಕೂತಿದ್ದೆ.

ಹಾಡಿನ ನಡುವೆ ಹೆಂಗಸೊಬ್ಬಳು ಓಡಿಬಂದು ಪಾದ್ರಿಗೆ ಏನೋ ಹೇಳಿದಳು. ಅವರು ನನ್ನತ್ತ ತಿರುಗಿ ಏಳುವಂತೆ ಕೈಮಾಡಿದರು. ಎದ್ದು ಕೈಮುಗಿದು, ನಾನು ಇಂಡಿಯಾದವನು ಎಂದು ಇಂಗ್ಲಿಷಿನಲ್ಲಿ ಶುರುಮಾಡಿಯೇಬಿಟ್ಟೆ.

"ಈಚೆ ಬನ್ನಿ ಮಾರಾಯ್ರೆ! ಅವರಿಗೆ ಬೇಕಿರೋದು ನೀವಲ್ಲ, ನೀವು ಕೂತಿದ್ದ ಬೆಂಚು!" ಜೊತೆಗೆ ಬಂದಿದ್ದ, ಇಲ್ಲಿನ ಮಾತು ಅಷ್ಟಿಷ್ಟು ಬಲ್ಲ ಶಿವಮೊಗ್ಗದ ನರ್ಸ್ ಗಿರಿಜಮ್ಮ ನನ್ನ ತೋಳು ಹಿಡಿದೆಳೆದರು. "ಹಳ್ಳದಾಚೆ ಒಬ್ಬಳಿಗೆ ಹೆರಿಗೆ ನೋವು, ತುಂಬ ಸುಸ್ತಾಗಿದ್ದಾಳಂತೆ. ಗಾಡಿ ಹೋಗಲ್ಲ ಅಲ್ಲಿಗೆ. ಆಸ್ಪತ್ರೆಗೆ ಹೊತ್ಕೊಂಡೇ ಬರ್ಬೇಕು."

ಹೆಂಗಸರು ಲಂಗದ ಮೇಲೆ ಸುತ್ತಿದ್ದ ಬಣ್ಣದ ಬಟ್ಟೆಗಳನ್ನು ಬಿಚ್ಚಿ ಬೆಂಚಿಗೆ ಹಾಸಿದರು. ಗಂಡಸರು ಅದನ್ನು ಹೆಗಲಿಗೇರಿಸಿ ಹೊರಟರು, ಹಿಂದೆಯೇ ಗಿರಿಜಮ್ಮ.

ನಾನು ಬೆರಗಾದದ್ದು ಉಳಿದವರನ್ನು ನೋಡಿ. ಅವರವರ ಬೆಂಚುಗಳು ಅಲ್ಲೇ ಇದ್ದರೂ ಒಬ್ಬರೂ ಕೂರಲಿಲ್ಲ. ಕೋಲೂರುವ ಮುದುಕಿಯರೂ ನಿಂತೇ ಹಾಡಿದರು. ಆ ತಾಯಿಗೆ ಏನಾಯಿತೋ, ನನ್ನ ಸೊಂಟಕ್ಕೆ ಏನಾಗುತ್ತದೋ ಎಂದು ಎರಡನ್ನೂ ಚಿಂತಿಸುತ್ತ ನಾನೂ ನಿಂತೆ. ಒಂದು ಪದವೂ ತಿಳಿಯದೆ ಚಪ್ಪಾಳೆ ತಟ್ಟಿದೆ. ಒಂದು ಹಾಡು ಮುಗಿಯುವ ಮೊದಲೇ ಯಾರೋ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು.

ಬಿಸಿಲು ನೆತ್ತಿಗೇರಿದಾಗ ಗಿರಿಜಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ಮೊಣಕಾಲವರೆಗೂ ಕೆಸರು. ಎಲ್ಲರಿಗೂ ಕಾಣುವಂತೆ ತೋಳಲ್ಲಿ ಮಗು ತೂಗುವ ಹಾಗೆ ಮಾಡಿ ತೋರಿಸಿ, ನನಗೆ ಮಾತ್ರ ಕನ್ನಡದಲ್ಲಿ ಹೇಳಿದರು: "ಹೆಣ್ಣು. ತಾಯಿನೂ ಹುಷಾರಾಗಿದ್ದಾಳೆ."

ಹಾಡು ನಿಂತಿತು. ಎಲ್ಲರೂ ಕೂತರು. ನಮ್ಮ ಸಾಲಿನವರು ನೆಲದ ಮೇಲೆ ಕೂತೆವು.