ಕಣ್ಣು ತೆರೆಯದ ಗಣಪತಿ

ನಾನು ಹುಟ್ಟಿದಾಗಿನಿಂದ ಹೊದ್ದುಕೊಳ್ಳುತ್ತಿದ್ದ ಕಂಬಳಿ ಒಂದು ಕಲೆ ಎಂಬುದು ನನಗೆ ಗೊತ್ತಾಗಬೇಕಾದರೆ ಇಟಲಿಯಲ್ಲಿ ಒಂದು ಯುದ್ಧ ನಡೆಯಬೇಕಾಯಿತು. ದೇವರು ಯಾವ ಜ್ಞಾನವನ್ನು ಯಾವ ದಾರಿಯಲ್ಲಿ ಕಳಿಸುತ್ತಾನೋ ಹೇಳುವುದು ಕಷ್ಟ. ನಮ್ಮ ಮನೆಗೆ ಅದು ಹಿಂದಿನ ಬೀದಿಯ ಹವಾಲ್ದಾರ್ ಸಾಹೇಬರ ಬಾಯಿಂದ ಬಂತು.

ಸಾಹೇಬರು ಪಟಾಲಮಿನ ಜೊತೆ ಇಟಲಿಗೆ ಹೋಗಿ, ಲಡಾಯಿ ಮುಗಿದ ಮೇಲೆ ಕೈಕಾಲು ನೆಟ್ಟಗಿಟ್ಟುಕೊಂಡು ಕೋಲಾರಕ್ಕೆ ಮರಳಿದವರು. ಸಂಜೆ ನಮ್ಮ ಜಗಲಿಯ ಮೇಲೆ ಕೂತು ಅಲ್ಲಿನ ಸಣ್ಣಪುಟ್ಟ ಊರುಗಳ ಸುದ್ದಿ ಹೇಳುತ್ತಿದ್ದರು. ಒಂದು ಊರಲ್ಲಿ ಮಡಕೆಗೆ ಬಣ್ಣ ಬರೆಯುತ್ತಾರಂತೆ, ಇನ್ನೊಂದರಲ್ಲಿ ಹೆಂಗಸರು ಬಾಗಿಲಲ್ಲಿ ಕೂತು ದಾರದ ಜಾಲರಿ ಹೆಣೆಯುತ್ತಾರಂತೆ, ಮತ್ತೊಂದರಲ್ಲಿ ಬೀದಿಗೊಬ್ಬ ಶಿಲ್ಪಿಯಂತೆ. ಅರ್ಧ ಊರು ಫಿರಂಗಿ ಗುಂಡಿನ ಏಟಿಗೆ ಉರುಳಿ ಬಿದ್ದಿದ್ದರೂ ಮುದುಕನೊಬ್ಬ ಇವರ ಕೈ ಹಿಡಿದು ಎಳೆದುಕೊಂಡು ಹೋಗಿ ತಮ್ಮೂರ ಗುಡಿಯ ಗೋಡೆಯ ಚಿತ್ರ ತೋರಿಸಿದನಂತೆ.

ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವ ನಮ್ಮ ಯಜಮಾನರಿಗೆ ಇದು ಜ್ವರದ ಹಾಗೆ ಹತ್ತಿತು. ನಮ್ಮ ಸೀಮೆಯೇನು ಕಡಿಮೆ ಎಂದು ಭಾನುವಾರ ಬಂದರೆ ಬಸ್ಸು ಹತ್ತತೊಡಗಿದರು. ಮುಳಬಾಗಿಲ ಕಡೆಯ ಗುಡಿಯ ಕಂಬಗಳು, ಮಾಲೂರಿನ ಹೆಂಚು, ಶ್ರೀನಿವಾಸಪುರದವರು ಮಾವು ತುಂಬುವ ಬುಟ್ಟಿ, ಎಲ್ಲವೂ ಒಂದೊಂದಾಗಿ ಕಲೆಯಾದವು. ನನ್ನ ಕಂಬಳಿ ಗೋಡೆ ಹತ್ತಿತು. ಆ ಚಳಿಗಾಲ ಗೋಡೆ ಬೆಚ್ಚಗಿತ್ತು. ನಾನು ಎರಡು ಹಳೆಯ ಸೀರೆ ಹೊದ್ದು ಮಲಗಿದೆ. ನನ್ನ ಪುಣ್ಯ, ಮುದ್ದೆ ತೊಳಸುವ ಕೋಲು ಅವರ ಕಣ್ಣಿಗೆ ಬೀಳಲಿಲ್ಲ.

ಕೊನೆಗೊಂದು ಭಾನುವಾರ ಶಿವಾರಪಟ್ಟಣದ ಆಚಾರಿಯಿಂದ ಮೊಳದುದ್ದದ ಕಲ್ಲಿನ ಗಣಪತಿ ಬಂದು ಹಜಾರದಲ್ಲಿ ಕೂತ, ಒಂದು ಕಡೆ ಕೊಡೆ, ಇನ್ನೊಂದು ಕಡೆ ಚಪ್ಪಲಿ.

“ಇವನಿಗೆ ಪೂಜೆ ಎಲ್ಲಿ ಮಾಡೋದು?” ಎಂದೆ.

“ಪೂಜೆಗಲ್ಲ ಕಣೇ. ಇದು ಕಲೆ, ನೋಡೋಕೆ. ದೀಪಗೀಪ ಹಚ್ಚಿ ಮಸಿ ಹಿಡಿಸಬೇಡ.”

“ನೋಡೋಕೆ ಬಂದ ದೇವರಿಗೆ ಹಸಿವಾಗಲ್ವಾ?”

“ಇಟಲೀಲಿ ಯಾರೂ ಹಿಂಗೆಲ್ಲ ಕೇಳಲ್ಲ.”

ಗೇಣಿಗಿಂತ ದೊಡ್ಡ ಕಲ್ಲುದೇವರನ್ನು ಮನೆಯಲ್ಲಿಡಬಾರದು, ಇಟ್ಟರೆ ನೈವೇದ್ಯ ತಪ್ಪಿಸಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಗೌರಮ್ಮ ಮೈಮಣ್ಣಿನಿಂದ ಮಗನನ್ನು ಮಾಡಿ ಬಚ್ಚಲ ಬಾಗಿಲು ಕಾಯಲು ನಿಲ್ಲಿಸಿದಳು, ಸರಿ, ತಾಯಿ ಹೇಳಿದ ಕೆಲಸ. ನಮ್ಮವರು ಚಪ್ಪಲಿ ಕಾಯಲು ಕೂರಿಸಿದರು. ಅದೂ ಯಾವಾಗ? ಮಗಳು ಚೊಚ್ಚಲ ಹೆರಿಗೆಗೆ ಬರುವ ತಿಂಗಳಲ್ಲಿ. ವಿಘ್ನ ಕಳೆಯುವವನನ್ನೇ ಹಜಾರದಲ್ಲಿ ಉಪವಾಸ ಕೆಡವಿ, ಒಳಗೆ ಹೆರಿಗೆ ಸುಸೂತ್ರವಾಗಲಿ ಎಂದು ಯಾವ ಬಾಯಲ್ಲಿ ಕೇಳಲಿ? ಅನ್ನ ಬಸಿಯುವಾಗಲೆಲ್ಲ ಹಜಾರದ ಕಡೆ ನೋಡುತ್ತಿದ್ದೆ.

ಒಂದು ದಿನ ಆಚಾರಿ ಪೇಟೆಗೆ ಬಂದವನು ನಮ್ಮ ಮನೆಗೂ ಬಂದ. ಬಾಗಿಲ ಮರೆಯಿಂದ ನನ್ನ ಅಂಜಿಕೆ ಹೇಳಿಕೊಂಡೆ.

“ಏಂ ಪರ್ವಾಲೇದಮ್ಮಾ, ಏನೂ ಆಗಲ್ಲ,” ಎಂದ. “ನೋಡೋಕೆ ಅಂದ್ರು ಅಯ್ಯನೋರು, ಅದಕ್ಕೇ ಕಣ್ಣು ತೆಗೆದಿಲ್ಲ. ಪೂಜೆಗೆ ಅಂದ್ರೆ ಮಾತ್ರ ಕಡೇಗೆ ಉಳಿ ಇಟ್ಟು ಕಣ್ಣು ತೆಗೆಯೋದು. ಈಗ ಈಯಪ್ಪಂಗೆ ಏನೂ ಕಾಣ್ಸಲ್ಲ.”

ಹತ್ತಿರ ಹೋಗಿ ನೋಡಿದೆ. ಹುಬ್ಬಿನ ಕೆಳಗೆ ನುಣ್ಣನೆಯ ಉಬ್ಬು, ಅಷ್ಟೆ. ಮನಸ್ಸು ಹಗುರಾಯಿತು. ಚಪ್ಪಲಿ ಕಂಡಿಲ್ಲ. ಅಮಲ್ದಾರರ ಗುಮಾಸ್ತರು ಬಂದಾಗ ಸೊಂಡಿಲಿಗೆ ಕೊಡೆ ನೇತುಹಾಕಿದ್ದೂ ಕಂಡಿಲ್ಲ. ಆದರೆ ನೆಮ್ಮದಿ ಸಂಜೆಯವರೆಗೂ ಉಳಿಯಲಿಲ್ಲ. ಕಣ್ಣಿಲ್ಲ, ಒಪ್ಪಿದೆ. ಆ ಮೊರದಂಥ ಕಿವಿ? ಆ ಹೊಟ್ಟೆ?

ಮಗಳು ಬಂದಳು. ಅವಳ ಪಾದ ಊದಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಸಾಹೇಬರು ಜಗಲಿಗೆ ಬಂದ ಸಂಜೆ ಕಾಫಿ ಕೊಡುವ ನೆಪದಲ್ಲಿ ಕೇಳಿಯೇಬಿಟ್ಟೆ. “ಸಾಹೇಬ್ರೇ, ಆ ಮುದುಕ ತೋರಿಸಿದ ಚಿತ್ರ ಇತ್ತಲ್ಲ, ಅಲ್ಲಿನ ಹೆಂಗಸರೂ ಬಂದು ಬರೀ ನೋಡಿ ಹೋಗ್ತಿದ್ರಾ?”

“ಎಲ್ಲಿ ನೋಡ್ತಾರಮ್ಮಾ,” ಎಂದು ಸಾಹೇಬರು ನಕ್ಕರು. “ನಾವು ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ವಿ. ಒಬ್ಳು ಮುದುಕಿ ಬಂದ್ಳು, ನಮ್ಮನ್ನ ಪಕ್ಕಕ್ಕೆ ತಳ್ಳಿದ್ಳು, ಮೋಂಬತ್ತಿ ಹಚ್ಚಿದ್ಳು, ಮೊಣಕಾಲೂರಿ ಏನೋ ಗೊಣಗಿದ್ಳು, ಹೋದ್ಳು. ತಲೆ ಎತ್ತಿ ಚಿತ್ರ ನೋಡ್ಲೇ ಇಲ್ಲ.”

“ಇದನ್ನ ನೀವು ಹೇಳಿರಲಿಲ್ಲ,” ಎಂದರು ಯಜಮಾನರು.

“ನೀವು ಕೇಳಿರಲಿಲ್ಲ, ಮೇಷ್ಟ್ರೇ. ನೀವು ಬಣ್ಣ ಯಾವುದು ಅಂತ ಕೇಳಿದ್ರಿ.”

ಯಜಮಾನರು ಕಾಫಿ ಮುಗಿಸಿದರು. ಆಮೇಲೆ ನನ್ನ ಕಡೆ ನೋಡದೆ, “ಸಣ್ಣ ಬತ್ತಿ ಹಾಕು, ಮಸಿ ಹಿಡಿಯಬಾರದು,” ಎಂದರು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತಿಗೆ ಆಗದ ಕೆಲಸ, ಹೆಸರೇ ಗೊತ್ತಿಲ್ಲದ ಆ ಮುದುಕಿಯಿಂದ ಆಯಿತು. ಅವಳ ಮನೆತನ ತಣ್ಣಗಿರಲಿ. ಚಪ್ಪಲಿಗಳು ಅಂದೇ ಜಗಲಿಗೆ ಹೋದವು.

ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಕೂಸು, ಇಬ್ಬರೂ ಕ್ಷೇಮ. ಕಂಬಳಿಯೂ ಗೋಡೆಯಿಂದ ಇಳಿದು ಬಾಣಂತಿಯ ಕೋಣೆ ಸೇರಿತು. ಯಜಮಾನರಿಗೆ ಈಗ ಹೊಸ ಹುಮ್ಮಸ್ಸು. ಆಚಾರಿಯನ್ನು ಕರೆಸಿ ಶಾಸ್ತ್ರೋಕ್ತವಾಗಿ ಕಣ್ಣು ತೆಗೆಸೋಣ ಎನ್ನುತ್ತಾರೆ. ನಾನೇ ಬೇಡವೆಂದಿದ್ದೇನೆ. ಕೂಸಿನ ಅಳುವಿನಲ್ಲಿ ಒಮ್ಮೊಮ್ಮೆ ದೀಪ ಹಚ್ಚುವುದು ತಡವಾಗುತ್ತದೆ, ನೈವೇದ್ಯಕ್ಕೆ ಬೆಲ್ಲದ ಚೂರೇ ಗತಿಯಾಗುತ್ತದೆ. ಎಲ್ಲವನ್ನೂ ನೋಡುವ ದೇವರುಗಳು ಒಳಗೆ ಗೂಡಿನಲ್ಲಿ ಸಾಲಾಗಿ ಇದ್ದೇ ಇದ್ದಾರೆ. ನೋಡದೆ, ಬರೀ ಕೇಳಿಸಿಕೊಳ್ಳುವವನೂ ಒಬ್ಬ ಮನೆಯಲ್ಲಿರಲಿ.