ಬಾಣಂತಿಯ ಹಿಂದೆ ಹತ್ತು ಹೆಜ್ಜೆ

ಎರಡು ತಿಂಗಳೂ ತುಂಬದ ನನ್ನ ಮರಿಮಗಳು ತಾಯಿಯನ್ನು ಬಿಟ್ಟು ಅಪ್ಪನ ಮನೆಗೆ, ಕುಣಿಗಲ್ಲಿಗೆ, ಹೋಗಿದ್ದು ನನ್ನ ನಾಲಿಗೆಯಿಂದ. ಕೆರೆ ಗಾಳಿಯಿಂದಲ್ಲ, ದೃಷ್ಟಿಯಿಂದಲ್ಲ, ಕೌನ್ಸೆಲಿಂಗ್ ಮೇಡಂನಿಂದಲೂ ಅಲ್ಲ. ನೆಂಟರು ಈಗಲೂ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ.

ಮೊಮ್ಮಗಳು ಹೆರಿಗೆಗೆ ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಅವಳ ತಾಯಿ, ಅಂದರೆ ನನ್ನ ಮಗಳು, ಬೆಳಗಾದರೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವವಳು. ಹಾಗಾಗಿ ಬಾಣಂತನ ನನ್ನದು. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಒಂದನ್ನೂ ಬಿಡಲಿಲ್ಲ. ಮಗು ಚೆನ್ನಾಗಿತ್ತು. ತಾಯಿ ಚೆನ್ನಾಗಿರಲಿಲ್ಲ. ಹಾಲು ಕುಡಿಸುವಾಗ ಗೋಡೆ ನೋಡುತ್ತಿದ್ದಳು. ಕುಡಿಸಿ ಆದ ಮೇಲೆ, ಪಕ್ಕದ ಮನೆಯ ಪಾತ್ರೆ ವಾಪಸ್ಸು ಕೊಡುವ ಹಾಗೆ ಮಗುವನ್ನು ನನ್ನ ಕೈಗೆ ಕೊಡುತ್ತಿದ್ದಳು. ಮಾತಂತೂ ನಿಂತೇ ಹೋಗಿತ್ತು.

ಹೆರಿಗೆ ಮಾಡಿಸಿದ ಡಾಕ್ಟರು ಶಿರಾ ಗೇಟ್ ಹತ್ತಿರದ ಒಬ್ಬ ಮೇಡಂ ಬಳಿಗೆ ಕಳಿಸಿದರು. ಮಹಡಿ ಮೇಲೊಂದು ರೂಮು, ಎದುರುಬದುರು ಕುರ್ಚಿ, ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ. ಎರಡು ಸಲ ಹೋದೆವು. ಎರಡು ಸಲವೂ ಮೊಮ್ಮಗಳು ಆ ಡಬ್ಬಿಯನ್ನೇ ನೋಡಿಕೊಂಡು ಕೂತಿದ್ದು ಎದ್ದು ಬಂದಳು. ಮೂರನೇ ಸಲ ಮೇಡಂ ನನ್ನನ್ನೂ ಒಳಗೆ ಕರೆದರು.

"ಎದುರಿಗೆ ಕೂತ್ರೆ ಕೆಲವ್ರಿಗೆ ಮಾತು ಬರಲ್ಲ ಅಜ್ಜಿ. ಬೆಳಿಗ್ಗೆ ಕೆರೆ ಪಾರ್ಕಲ್ಲಿ ನಡ್ಕೊಂಡು ಮಾತಾಡ್ತೀವಿ. ಡಾಕ್ಟ್ರನ್ನ ಕೇಳಿದೀನಿ, ನಿಧಾನಕ್ಕೆ ನಡೀಬೋದಂತೆ."

"ಮೂರ್ ತಿಂಗ್ಳು ತುಂಬ್ದೆ ನಮ್ಮಲ್ಲಿ ಬಾಣಂತಿ ಹೊಸ್ಲು ದಾಟಲ್ಲ," ಅಂದೆ.

"ಇಲ್ಲಿಗೆ ದಾಟ್ಕೊಂಡೇ ಬಂದ್ರಲ್ಲ."

"ಅದು ಆಟೋ."

ಮೊಮ್ಮಗಳು ತಲೆ ಎತ್ತದೆ, "ನಾನು ನಡೀತೀನಿ," ಅಂದಳು. ಹದಿನೈದು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು. ನಾನು ಬಾಯಿ ಮುಚ್ಚಿಕೊಂಡು ಒಪ್ಪಿದೆ.

ಆದರೆ ಬಾಣಂತಿಯನ್ನು ಒಂಟಿಯಾಗಿ ಕಳಿಸುವವಳಲ್ಲ ನಾನು. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು, ಸೊಂಟಕ್ಕೆ ಕಬ್ಬಿಣದ ಚೂರು ಸಿಕ್ಕಿಸಿ, ಮಗುವನ್ನು ಎತ್ತಿಕೊಂಡು ಜೊತೆಗೆ ಹೊರಟೆ. ಮೇಡಂ ಬೆಂಚು ತೋರಿಸಿ, ಇಲ್ಲೇ ಕೂತಿರಿ ಅಂದರು. ಆಗಲ್ಲ ಅಂದೆ.

"ಸರಿ, ಹತ್ತು ಹೆಜ್ಜೆ ಹಿಂದೆ ಬನ್ನಿ. ಕಿವಿಗೇನಾದ್ರೂ ಬಿದ್ರೆ ಇಲ್ಲೇ ಬಿಟ್ಟು ಹೋಗ್ಬೇಕು ಅಜ್ಜಿ. ಮನೆಗೂ ತಗೊಂಡೋಗೋ ಹಂಗಿಲ್ಲ."

"ಆಯ್ತು," ಅಂದೆ. ಅಷ್ಟು ಸಲೀಸಾಗಿ ಅಂದೆ.

ಪಾರ್ಕಂತೆ ಪಾರ್ಕು. ಕಟ್ಟೆಯ ತುಂಬ ಗುಟ್ಕಾ ಉಗುಳು. ನೀರಿನಂಚಿನಲ್ಲಿ ದೇವರಿಗಿಟ್ಟ ಹೂವು ಪ್ಲಾಸ್ಟಿಕ್ ಕವರಿನಲ್ಲೇ ಕೊಳೆತು ನಾರುತ್ತಿತ್ತು. ಒಂದಷ್ಟು ಗಂಡಸರು ಸಾಲಾಗಿ ನಿಂತು ಕಾರಣವಿಲ್ಲದೆ ನಗುತ್ತಿದ್ದರು, ಆರೋಗ್ಯಕ್ಕಂತೆ. ಬಿಳಿ ಬೂಟು ಹಾಕಿದ ಹೆಂಗಸೊಬ್ಬಳು ನಿಂತು, "ಯಾಕಮ್ಮ, ಹಸಿ ಬಾಣಂತಿನ ಬೀದಿ ಸುತ್ತಿಸ್ತಿದೀಯಲ್ಲ," ಅಂದಳು. "ನಿಮ್ಮ ಬೂಟು ನೋಡ್ಲಿ ಅಂತ," ಅಂದೆ.

ನಾಲ್ಕನೇ ದಿನ ಮೊಮ್ಮಗಳು ಬಾಯಿ ಬಿಟ್ಟಳು. ಮೇಡಂ ಅವಳ ಮುಖ ನೋಡುತ್ತಿರಲಿಲ್ಲ, ಇಬ್ಬರೂ ದಾರಿ ನೋಡಿಕೊಂಡು ನಡೆಯುತ್ತಿದ್ದರು. ನನ್ನ ಹತ್ತು ಹೆಜ್ಜೆ ಯಾವಾಗಲೋ ನಾಲ್ಕಾಗಿತ್ತು.

"ಅದು ಅತ್ರೆ ಯಾರ್ದೋ ಮಗು ಅತ್ತಂಗೆ ಕೇಳುತ್ತೆ ಮೇಡಂ. ಯಾರಾದ್ರೂ ಎತ್ಕೊಂಡೋದ್ರೆ ಒಂದಿನ ಮಲಗ್ಬೋದಲ್ಲ ಅನ್ಸುತ್ತೆ."

ನಾನು ಕೈಯಲ್ಲಿದ್ದ ಮಗುವನ್ನು ಇನ್ನಷ್ಟು ಅವುಚಿಕೊಂಡೆ. ಮೇಡಂ ನಡಿಗೆ ಒಂದಿಷ್ಟೂ ಬದಲಾಗಲಿಲ್ಲ. "ಎದ್ದ ಮೇಲೆ?" ಅಂದರು.

"ಎದ್ದ ಮೇಲೆ ಅದೇ ಬೇಕು ಅನ್ಸುತ್ತೆ. ಅದಕ್ಕೇ ಮಲಗೋಕೂ ಭಯ."

ಅವತ್ತು ಮನೆಗೆ ಬಂದವಳು ಸಾರು ಎರಡನೇ ಸಲ ಹಾಕಿಸಿಕೊಂಡಳು. ಮಧ್ಯಾಹ್ನ ಮಗು ಅತ್ತಾಗ ನಾನು ಕರೆಯುವ ಮೊದಲೇ ಎದ್ದಳು. ಅಷ್ಟು ಸಾಕಿತ್ತು ನನಗೆ. ಸುಮ್ಮನಿರಬೇಕಿತ್ತು.

ಗುಬ್ಬಿಯಲ್ಲಿ ನನ್ನ ತಂಗಿ ಇದ್ದಾಳೆ. ದಿನಾ ಊಟವಾದ ಮೇಲೆ ಫೋನ್ ಮಾಡುತ್ತಾಳೆ. ಕುಣಿಗಲ್ಲಿನ ಈ ಸಂಬಂಧ ಕುದುರಿಸಿದವಳು ಅವಳೇ. "ಹೆಂಗವ್ಳೆ ಅಕ್ಕ?" ಅಂದಳು. ಹೇಳಿಬಿಟ್ಟೆ. ಎತ್ತಿಕೊಂಡು ಹೋದರೆ ಮಲಗಬಹುದು ಅಂದಿದ್ದನ್ನು ಹೇಳಿದೆ. ಆಮೇಲಿನದನ್ನು ಹೇಳಲಿಲ್ಲ, ಯಾಕೆಂದರೆ ಮೊದಲಿನದನ್ನು ಕೇಳಿಯೇ ತಂಗಿ ಅಯ್ಯಯ್ಯೋ ಅನ್ನತೊಡಗಿದ್ದಳು, ನನಗೂ ಅದರ ರುಚಿ ಹತ್ತಿತ್ತು. ಯಾರಿಗೂ ಹೇಳಬೇಡ ಅಂತ ಬೇರೆ ಸೇರಿಸಿದೆ. ಹಾಗೆ ಸೇರಿಸಿದ ಮಾತು ಇನ್ನೂ ಬೇಗ ಊರು ಸೇರುತ್ತದೆಂದು ಗೊತ್ತಿಲ್ಲದ ವಯಸ್ಸಲ್ಲ ನನ್ನದು.

ಸಂಬಂಧ ಕುದುರಿಸಿದವರು ಎರಡೂ ಮನೆಗೆ ಜವಾಬು ಕೊಡಬೇಕು ನಮ್ಮಲ್ಲಿ. ನಾಳೆ ತನ್ನ ತಲೆಗೆ ಬರಬಾರದೆಂದು ತಂಗಿ ಅವತ್ತೇ ಕುಣಿಗಲ್ಲಿಗೆ ಮುಟ್ಟಿಸಿದಳು.

ಮೂರನೇ ದಿನ ಮೊಮ್ಮಗಳ ಅತ್ತೆ ಮಗನ ಜೊತೆ ಕಾರಿನಲ್ಲಿ ಬಂದರು. ಕೂರಲೂ ಇಲ್ಲ.

"ಮಗು ಬ್ಯಾಡ್ವಂತೆ ನಿಂಗೆ. ಊರೂರು ಸುತ್ತೋಕೆ ಕಾಲು ಅವೆ, ಮಗು ಎತ್ಕೊಳೋಕೆ ಕೈ ಇಲ್ವ? ಕೊಡು, ನಾವ್ ಸಾಕ್ಕೋತೀವಿ. ನೀನು ವಾಕಿಂಗ್ ಮಾಡ್ಕೊಂಡಿರು."

ಗಂಡ ಅನ್ನಿಸಿಕೊಂಡವನು ಕಾರಿನ ಕೀ ತಿರುಗಿಸಿಕೊಂಡು ನಿಂತಿದ್ದ. ಮೊಮ್ಮಗಳು ಅತ್ತೆಯನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಒಣಗಿದ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿ, ಮಗುವನ್ನು ತಂದು ಅತ್ತೆಯ ಕೈಗೆ ಕೊಟ್ಟಳು. ನಾನು ಕಂಬದ ಹಾಗೆ ನಿಂತಿದ್ದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ.

ತಂಗಿಗೆ ಫೋನ್ ಮಾಡಿದೆ. "ನಾನೇನ್ ಸುಳ್ಳು ಹೇಳಿದ್ನಾ ಅಕ್ಕ? ನೀನೇ ಅಂದಿದ್ದಲ್ವ?" ಅಂದಳು. ಇಟ್ಟುಬಿಟ್ಟೆ. ಅವಳು ಹೇಳಿದ್ದು ಸರಿಯಿತ್ತು.

ಸಂಜೆಗೆ ಮೊಮ್ಮಗಳ ರವಿಕೆ ಹಾಲಿನಲ್ಲಿ ನೆನೆದಿತ್ತು. ಬದಲಾಯಿಸಿದಳು, ಅದೂ ನೆನೆಯಿತು. ಮಲಗು ಅಂದೆ. ಮಲಗಲಿಲ್ಲ. ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು: "ಅಲ್ಲಿ ಅದಕ್ಕೆ ಸೊಳ್ಳೆ ಪರದೆ ಕಟ್ಟಿರ್ತಾರಾ?"

ಮಾರನೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದಲೇ ಮೇಡಂಗೆ ಫೋನ್ ಮಾಡಿ, ಮಾತು ಹೊರಗೆ ಹಾಕಿದ್ದು ನಾನು, ಇನ್ನು ಮೇಲೆ ನೀವಿಬ್ಬರೇ ನಡೆಯಿರಿ ಅಂದೆ. ಆಮೇಲೆ ಕುಣಿಗಲ್ ಬಸ್ ಹತ್ತಿದೆ. ಬೀಗರ ಮನೆಯಲ್ಲಿ ಕಾಫಿ ಬೇಡ ಅಂದೆ. ಕದ್ದು ಕೇಳಿದವಳು ನಾನು, ಅರ್ಧ ಸಾಗಿಸಿದವಳೂ ನಾನು, ಮಿಕ್ಕ ಅರ್ಧ ಇದು ಅಂತ ಹೇಳಿದೆ. "ಮೂರ್ ತಿಂಗ್ಳು ಬಾಣಂತನ ತವರುಮನೇದು. ಮುಗಿದ್ಮೇಲೆ ತಾಯಿ ಮಗು ಇಬ್ರನ್ನೂ ಶಾಸ್ತ್ರ ಮಾಡಿ ಕಳಿಸ್ತೀವಿ," ಅಂದೆ. ಅವಳ ಅತ್ತೆ ಬಾಯಿಗೆ ಬಂದದ್ದೆಲ್ಲ ಅಂದರು. ಅನ್ನಿಸಿಕೊಂಡೆ. ಆದರೆ ತವರಿನ ಬಾಣಂತನದ ಶಾಸ್ತ್ರ ಮುರಿಯುವ ಧೈರ್ಯ ಅವರಿಗೂ ಇರಲಿಲ್ಲ, ದಾರಿ ಬಿಟ್ಟರು. ತೊಟ್ಟಿಲಿಂದ ಮಗುವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ತುಮಕೂರಿನ ಬಸ್ಸಿಗೆ ಬಂದು ಕೂತೆ.